ಸದ್ದಿಲ್ಲದ ಎಂಬತ್ತೆಂಟು ಮನೆ

"ನೀವು ಹೀಗೆ ನುಡಿಸಿದ್ರೆ ಮಲಗಿರೋ ಮಗು ಎದ್ದು ಕೂತ್ಕೊಳ್ಳುತ್ತೆ" ಎಂದರು ಸಂಗೀತ ನಿರ್ದೇಶಕಿ.

ಮಲ್ಲೇಶ್ವರದಲ್ಲಿ, ಸಂಪಿಗೆ ರಸ್ತೆಯಿಂದ ಸ್ವಲ್ಪ ಒಳಗೆ, ಹಳೆಯ ಮನೆಯೊಂದರ ಮಹಡಿಯಲ್ಲಿದ್ದ ಸ್ಟುಡಿಯೊ ಅದು. ಹೊಸ ಶತಮಾನ ಶುರುವಾಗಿ ಮೂರೋ ನಾಲ್ಕೋ ವರ್ಷವಾಗಿತ್ತು. ಅವರು ಜೋಗುಳಗಳದೊಂದು ಸಿ.ಡಿ. ಮಾಡುತ್ತಿದ್ದರು. ಮೊದಲ ಹಾಡಿಗೆ ಶ್ರುತಿಯ ತಂಬೂರಿ ಬಿಟ್ಟರೆ ಗಾಯಕಿಯ ದನಿಯ ಜೊತೆ ಪಿಯಾನೊ ಒಂದೇ. ತಬಲಾ ಇಲ್ಲ, ಕೊಳಲಿಲ್ಲ, ಹಿಂದೆ ಅಡಗಿಕೊಳ್ಳಲು ಏನೂ ಇಲ್ಲ. ನಾನೋ ಆರ್ಕೆಸ್ಟ್ರಾದ ಕೀಬೋರ್ಡಿನವನು. ಗಣಪತಿ ಪೆಂಡಾಲು, ರಾಜ್ಯೋತ್ಸವ, ಮದುವೆಯ ರಿಸೆಪ್ಷನ್, ಎಲ್ಲಿ ಸೀರಿಯಲ್ ಸೆಟ್ ಮಿನುಗುತ್ತಿದೆಯೋ ಅಲ್ಲಿ ನಾನು. ಹನ್ನೆರಡು ವರ್ಷ ಪ್ಲಾಸ್ಟಿಕ್ ಕೀಲಿಗಳ ಹಗುರ ಕೀಬೋರ್ಡನ್ನು ಹೆಗಲಿಗೆ ನೇತುಹಾಕಿಕೊಂಡು ಊರೆಲ್ಲ ಸುತ್ತಿದ್ದೆ. ನನ್ನ ಕೈಯ ವೇಗದ ಬಗ್ಗೆ ನನಗೆ ಸ್ವಲ್ಪ ಜಂಬವೂ ಇತ್ತು.

"ಸ್ವರ ಸರಿಯಿದೆ, ತಾಳಾನೂ ಸರಿಯಿದೆ. ಆದ್ರೆ ನೀವು ಎಲ್ಲಾ ಸ್ವರಾನೂ ಕಾಲಿಂಗ್ ಬೆಲ್ ಒತ್ತಿದ ಹಾಗೆ ಒತ್ತುತೀರಿ. ಒಂದು ವೆಯ್ಟೆಡ್ ಕೀಬೋರ್ಡ್ ತಗೊಳ್ಳಿ, ಪಿಯಾನೊ ಥರ ಕೀಲಿಗೆ ಭಾರ ಇರುತ್ತಲ್ಲ, ಅಂಥದ್ದು. ಒಂದು ತಿಂಗಳು ಅಭ್ಯಾಸ ಮಾಡಿ ಬನ್ನಿ. ಆಗ್ಲೂ ಆಗ್ಲಿಲ್ಲ ಅಂದ್ರೆ ಚೆನ್ನೈಯಿಂದ ಯಾರನ್ನಾದ್ರೂ ಕರೆಸ್ತೀನಿ, ಬೇಜಾರು ಮಾಡ್ಕೋಬೇಡಿ."

ಬೈದಿದ್ದರೆ ತಿರುಗಿ ಏನಾದರೂ ಅನ್ನಬಹುದಿತ್ತು. ಇಷ್ಟು ಒಳ್ಳೆಯ ಮಾತಿನಲ್ಲಿ ಹೇಳಿದವರಿಗೆ ಏನನ್ನುವುದು? ಹನ್ನೆರಡು ವರ್ಷದಲ್ಲಿ ನಾನು ನುಡಿಸಿದ್ದೆಲ್ಲ ಆಯಾ ಸಂಜೆಗೇ ಗಾಳಿಗೆ ಹೋಗಿತ್ತು. ಉಳಿಯುವಂಥದ್ದರಲ್ಲಿ ನನ್ನ ಕೈ ಇರಬೇಕೆಂಬ ಆಸೆಗೆ ಸಿಕ್ಕಿದ್ದ ಮೊದಲ ಅವಕಾಶ ಇದು. ಮೆಜೆಸ್ಟಿಕ್ಕಿನಲ್ಲಿ ಬಸ್ಸು ಬದಲಿಸುವಾಗ ಚಾಮರಾಜಪೇಟೆಯ ಬಸ್ಸನ್ನು ಬಿಟ್ಟು ಇನ್ಯಾವುದಕ್ಕೋ ಹತ್ತಿ, ಕಂಡಕ್ಟರ್ ಹತ್ತಿರ ಅನ್ನಿಸಿಕೊಂಡು ಇಳಿದೆ.

ಆ ದಿನ ನನ್ನ ಸಿಟ್ಟೆಲ್ಲ ಅಪ್ಪನ ಮೇಲೆ ತಿರುಗಿತು. ಯಾಕೆಂದರೆ ಈ ಕೈ ನನಗೆ ಕೊಟ್ಟದ್ದೇ ಅವರು. ಅಪ್ಪ ಹಾರ್ಮೋನಿಯಂನವರು. ಬೆಳಗಿನಿಂದ ಚಾಮರಾಜಪೇಟೆಯ ಒಂದು ಚಿಕ್ಕ ಅಂಗಡಿಯಲ್ಲಿ ಹಾರ್ಮೋನಿಯಂ ರಿಪೇರಿ, ಸಂಜೆ ಹರಿಕಥೆಗೆ ಪಕ್ಕವಾದ್ಯ. ನಾನು ಕಲಿತದ್ದು ಅವರ ಪಕ್ಕದಲ್ಲಿ ಕೂತು. ಹಾರ್ಮೋನಿಯಂನಲ್ಲಿ ಬಲಗೈ ಬೆರಳು ಮಾಡುವುದು ಬಾಗಿಲು ತೆಗೆಯುವ ಕೆಲಸ ಅಷ್ಟೆ. ಜೋರು, ಮೆಲ್ಲಗೆ ಎಲ್ಲ ಎಡಗೈ ಒತ್ತುವ ತಿದಿಯ ಗಾಳಿಯಲ್ಲಿ. ಕೀಲಿಯನ್ನು ಮುದ್ದಿಸಿದರೂ ಅದೇ ಸದ್ದು, ಗುದ್ದಿದರೂ ಅದೇ ಸದ್ದು. ಅಂಥ ವಾದ್ಯದಲ್ಲಿ ಬೆಳೆದ ಬೆರಳಿಗೆ ಭಾರದ ವಿಷಯ ಯಾರು ಹೇಳಿಕೊಡಬೇಕು?

ಸಿಟ್ಟು ತೀರಿಸಿಕೊಳ್ಳಲಿಕ್ಕೂ ಆಗುವಂತಿರಲಿಲ್ಲ. ಅಪ್ಪನಿಗೆ ಕಿವಿ ಹೋಗಿ ಆರು ವರ್ಷವಾಗಿತ್ತು. ಮೊದಲು ಹೋದದ್ದು ಅವರಿಗೇ ಗೊತ್ತಾಗಲಿಲ್ಲ. ಶ್ರುತಿ ಮಾಡಿಸಿಕೊಂಡು ಹೋಗಿದ್ದ ಭಜನಾ ಮಂಡಳಿಯವರು ಮಾರನೆಯ ದಿನವೇ ಪೆಟ್ಟಿಗೆ ವಾಪಸು ತಂದು, "ಯಜಮಾನ್ರೇ, ಯಾಕೋ ಒಂದಕ್ಕೊಂದು ಸೇರ್ತಿಲ್ಲ" ಎಂದು ಸಂಕೋಚದಿಂದ ನಿಂತರು. ಅಪ್ಪ ಮತ್ತೆ ಸರಿಮಾಡಿ ಕೊಟ್ಟರು. ಅವರು ಮತ್ತೆ ತಂದರು. ಅದೇ ವಾರ ಅಪ್ಪ ಅಂಗಡಿ ಮುಚ್ಚಿದರು, ತಮ್ಮ ಹಾರ್ಮೋನಿಯಂಗೆ ಬಟ್ಟೆ ಸುತ್ತಿ ಅಟ್ಟದ ಮೇಲಿಟ್ಟರು. ಎಡಗಿವಿಯ ಹತ್ತಿರ ಹೋಗಿ ಕೂಗಿದರೆ ಮಾತು ಒಂದಿಷ್ಟು ಹಿಡಿಯುತ್ತಿತ್ತು. ಸ್ವರ ಮಾತ್ರ ಎರಡು ಕಿವಿಯಲ್ಲೂ ಸತ್ತುಹೋಗಿತ್ತು. ಆಮೇಲೆ ಅವರು ಯಾವ ವಾದ್ಯವನ್ನೂ ಮುಟ್ಟಿರಲಿಲ್ಲ.

ಕೀಬೋರ್ಡ್ ಕೊಳ್ಳಲು ಹೊರಟ ದಿನ ನಾನು ಚಪ್ಪಲಿ ಮೆಟ್ಟುವ ಹೊತ್ತಿಗೆ ಅಮ್ಮ ಅಡ್ಡ ಬಂದಳು. "ಅಪ್ಪನ್ನೂ ಕರ್ಕೊಂಡ್ ಹೋಗು. ವಾದ್ಯ ಮನೆಗೆ ತರೋವಾಗ ದೊಡ್ಡೋರು ಒಬ್ರು ಕೈ ಇಟ್ಟು ನೋಡ್ಬೇಕು." ಕಿವಿಯೇ ಕೇಳದವರು ನೋಡುವುದೇನು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. ಅಪ್ಪ ಆಗಲೇ ಇಸ್ತ್ರಿ ಶರಟು ಹಾಕಿಕೊಂಡು ನಿಂತಿದ್ದರು.

ಅಂಗಡಿ ಇದ್ದದ್ದು ಬಸವನಗುಡಿಯಲ್ಲಿ, ಗಾಂಧಿ ಬಜಾರಿನ ಹೂವಿನ ಸಾಲು ದಾಟಿ ಒಂದು ಕಟ್ಟಡದ ಮೊದಲ ಮಹಡಿಯಲ್ಲಿ. ನನ್ನ ಲೆಕ್ಕಾಚಾರ ಮೊದಲೇ ಮುಗಿದಿತ್ತು. ಸ್ಟುಡಿಯೊಗೂ ಸ್ಟೇಜಿಗೂ ಒಂದೇ ಕೀಬೋರ್ಡು ಆಗಬೇಕು, ಆಟೊದಲ್ಲಿ ಹಿಡಿಸಬೇಕು, ಪೆಂಡಾಲಿನ ಏಣಿ ಹತ್ತುವಾಗ ನನ್ನ ಸೊಂಟ ಮುರಿಯಬಾರದು. ಹಾಗಾಗಿ ಅರ್ಧ ಭಾರದ ಕೀಲಿಗಳಿರುವ ಒಂದನ್ನು ಕ್ಯಾಟಲಾಗಿನಲ್ಲಿ ನೋಡಿ ಮನಸ್ಸಿನಲ್ಲೇ ಕೊಂಡುಬಿಟ್ಟಿದ್ದೆ. ಅಂಗಡಿಯವನು ಅದರ ಪಕ್ಕದಲ್ಲಿ ಪೂರ್ತಿ ಭಾರದ ಇನ್ನೆರಡನ್ನೂ ಇಟ್ಟಿದ್ದ. ಮೂರೂ ಕಂಟ್ರೋಲರುಗಳು. ಅಂದರೆ ಅವುಗಳಲ್ಲಿ ಸ್ವಂತ ಸದ್ದು ಅನ್ನುವುದೇ ಇಲ್ಲ. ಯಾವ ಕೀಲಿಯನ್ನು ಎಷ್ಟು ಜೋರಾಗಿ ಒತ್ತಿದಿರಿ ಎಂದು ತಂತಿಯ ಮೂಲಕ ಕಂಪ್ಯೂಟರಿಗೋ ಬೇರೊಂದು ಪೆಟ್ಟಿಗೆಗೋ ಹೇಳುತ್ತವೆ, ಸದ್ದು ಮಾಡುವುದು ಅದು.

ಇದನ್ನು ಅಪ್ಪನ ಎಡಗಿವಿಗೆ ಕೂಗಿ ಹೇಳಿದೆ. ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು.

"ಸದ್ದೇ ಇಲ್ವಾ?" ಎಂದರು ಅಪ್ಪ.

"ಇಲ್ಲಪ್ಪಾ! ಇದರಲ್ಲಿ ಇರೋದು ಮನೆ ಮಾತ್ರ!" ಹಾರ್ಮೋನಿಯಂನವರು ಕೀಲಿಗೆ ಮನೆ ಎನ್ನುತ್ತಾರೆ.

ಅಪ್ಪ ಆ ಉದ್ದನೆಯ ಕಪ್ಪು ಹಲಗೆಯನ್ನು ಹೊಸದಾಗಿ ನೋಡುವವರಂತೆ ನೋಡಿದರು. ಅವರ ಮುಖದಲ್ಲಿ ಏನೋ ಒಂದು ಎದ್ದು ಕೂತಿತು.

ಅಂಗಡಿಯವನು ಸದ್ದಿನ ಪೆಟ್ಟಿಗೆ ಜೋಡಿಸಿ, ದೊಡ್ಡ ಪಿಯಾನೊದ ನಾದ ಹಾಕಿ, ಅದಕ್ಕೆ ಒಂದಿಷ್ಟು ಗುಂಯ್‌ಗುಡುವಿಕೆಯನ್ನೂ ಸೇರಿಸಿ ಕೊಟ್ಟ. ನಾನು ಮೂರನ್ನೂ ನುಡಿಸಿದೆ. ಮೂರೂ ಅದ್ಭುತವಾಗಿದ್ದವು. ಆ ಗುಂಯ್‌ಗುಡುವಿಕೆಯಲ್ಲಿ ನಾನು ಕೆಮ್ಮಿದ್ದರೂ ಚೆನ್ನಾಗಿಯೇ ಕೇಳುತ್ತಿತ್ತು. "ಇದೇ ಸಾಕು" ಎಂದು ಅರ್ಧ ಭಾರದ್ದರ ಮೇಲೆ ಕೈ ಇಟ್ಟೆ.

ಅಷ್ಟರಲ್ಲಿ ಅಪ್ಪ ಅಂಗಡಿಯವನಿಗೆ ಹೇಳಿದರು, "ಸ್ವಿಚ್ ಆರಿಸಿ. ನನಗೆ ಹೇಗೂ ಕೇಳ್ಸಲ್ಲ. ಇವನಿಗೂ ಕೇಳ್ಸೋದು ಬೇಡ."

ಅಂಗಡಿಯವನು ನನ್ನ ಮುಖ ನೋಡಿದ. ನನಗೆ ನಾಚಿಕೆಯೂ ಕೋಪವೂ ಒಟ್ಟಿಗೇ ಬಂದವು. ಆರಿಸಿ ಎಂದು ತಲೆಯಾಡಿಸಿದೆ. ಅಪ್ಪ ಕಣ್ಣು ಮುಚ್ಚಿಕೊಂಡರು.

ಆಮೇಲೆ ಸುಮಾರು ಅರ್ಧ ಗಂಟೆ ಅವರು ಮಾಡಿದ್ದನ್ನು ನಾನು ಮರೆಯಲಾರೆ. ಒಂದು ಮನೆಯನ್ನು ಹಿಡಿದು ಇರುವೆ ನಡೆದಷ್ಟು ನಿಧಾನ ಕೆಳಗೆ ಒತ್ತಿದರು, ಎಲ್ಲಿ ತಡೆಯುತ್ತದೆ ಎಂದು ನೋಡಿದರು. ಪಕ್ಕದ್ದನ್ನೂ ಹಾಗೇ ಒತ್ತಿದರು. ಅದನ್ನೇ ಮೂರು ಬೆರಳಿಂದ ಒಂದರ ಹಿಂದೆ ಒಂದು ತಟ್ಟಿ, ಬೆರಳು ಬರುವಷ್ಟರಲ್ಲಿ ಮನೆ ಮೇಲೆ ಬಂದಿರುತ್ತದೆಯೇ ಎಂದು ನೋಡಿದರು. ಕಪ್ಪು ಮನೆಯ ತುದಿಯಲ್ಲಿ ಒತ್ತಿದರು, ಬೇರಿನ ಹತ್ತಿರ ಒತ್ತಿದರು. ಅಕ್ಕಪಕ್ಕಕ್ಕೆ ಅಲ್ಲಾಡಿಸಿದರು. ಆಮೇಲೆ ನನ್ನ ಕೈ ಹಿಡಿದು ಆ ಅರ್ಧ ಭಾರದ ಕೀಬೋರ್ಡಿನ ಮೇಲೆ ಇಟ್ಟರು.

"ಒತ್ತು. ಏನಿದೆ ಒಳಗೆ?"

ಒತ್ತಿದೆ. ಸದ್ದಿಲ್ಲದಾಗ ಅದು ಬರಿಯ ಸ್ಪ್ರಿಂಗು. ಒಳಗೆ ಯಾರೂ ಇರಲಿಲ್ಲ.

ಎರಡನೆಯದು ಭಾರವಾಗಿತ್ತು, ಆದರೆ ಸೋಮಾರಿ. ಕೆಳಗೆ ಹೋದ ಮನೆ ಬೇಕೋ ಬೇಡವೋ ಎಂಬಂತೆ ಮೇಲೆ ಬರುತ್ತಿತ್ತು. ಮೂರನೆಯದರ ಮೇಲೆ ಕೈ ಇಟ್ಟಾಗ ನನ್ನ ಬೆರಳಿಗೆ ಅದು ಗೊತ್ತಾಯಿತು. ಕೀಲಿಯ ಆ ತುದಿಯಲ್ಲಿ, ನನಗೆ ಕಾಣದಲ್ಲಿ, ಏನೋ ಒಂದು ಎದ್ದು, ತೂಗಿ, ಮತ್ತೆ ಕೂತಿತು. ಎಡಗಡೆಯ ಮಂದ್ರದ ಮನೆಗಳಲ್ಲಿ ಅದು ಹೆಚ್ಚು ತೂಕ, ಬಲಕ್ಕೆ ಹೋಗುತ್ತಾ ಹೋಗುತ್ತಾ ಹಗುರ. ಇಷ್ಟು ವರ್ಷ ನಾನು ಬಾಗಿಲ ಚಿಲಕವನ್ನೇ ಮನೆ ಎಂದುಕೊಂಡಿದ್ದೆ.

"ಒಳಗೆ ಸುತ್ತಿಗೆ ಇದೆ ಸರ್" ಎಂದ ಅಂಗಡಿಯವನು. "ಎಂಬತ್ತೆಂಟು ಮನೆಗೆ ಎಂಬತ್ತೆಂಟು ಸುತ್ತಿಗೆ." ಅದನ್ನೂ ನಾನು ಕೂಗಿ ದಾಟಿಸಿದೆ.

"ತಂತಿ?"

"ತಂತಿ ಇಲ್ಲಪ್ಪಾ! ಸುಮ್ನೆ ಏಳುತ್ತೆ, ಸುಮ್ನೆ ಬೀಳುತ್ತೆ!"

ಅಪ್ಪ ನಕ್ಕರು. ಆರು ವರ್ಷದಲ್ಲಿ ನಾನು ಕಾಣದ ನಗು ಅದು. "ಹೊಡಿಯೋಕೆ ತಂತೀನೇ ಇಲ್ಲ, ಆದ್ರೂ ಸುತ್ತಿಗೆ ಏಳುತ್ತೆ! ಯಾವನ್ ಕಣೋ ಇದನ್ನ ಮಾಡಿದ್ದು?" ಎಂದು ಮತ್ತೆ ಮತ್ತೆ ಒಂದೇ ಮನೆಯನ್ನು ಒತ್ತಿ ಒತ್ತಿ ಬಿಟ್ಟರು. ನಾನು ಅದರ ಭಾರದ ಬಗ್ಗೆ ಗೊಣಗಿದೆ. ಇಪ್ಪತ್ತು ಕಿಲೊ ಮೀರಿತ್ತು, ಸ್ಟೇಜಿಗೆ ಒಬ್ಬನ ಕೈಯಲ್ಲಿ ಹೊರಲಾಗದು ಎಂದು ಕೂಗಿದೆ.

"ಹೊರೋಕೆ ಇನ್ನೊಬ್ಬ ಸಿಗ್ತಾನೆ" ಎಂದರು ಅಪ್ಪ. "ನುಡಿಸೋಕೆ ನೀನೊಬ್ನೇ ತಾನೆ?"

ಅದನ್ನೇ ತಂದೆವು, ಜೊತೆಗೊಂದು ಸದ್ದಿನ ಪೆಟ್ಟಿಗೆಯನ್ನೂ. ಆಟೊದ ಎರಡೂ ಕಡೆಯಿಂದ ಕೀಬೋರ್ಡು ಹೊರಗೆ ಚಾಚಿಕೊಂಡಿತ್ತು. ಅಮ್ಮ ಆರತಿ ಎತ್ತಿ, ಕುಂಕುಮವನ್ನು ಕೀಲಿಗೆ ಹಚ್ಚಲು ಬಂದಾಗ ಅಪ್ಪ ಅವಳ ಕೈ ಹಿಡಿದು ಕೀಬೋರ್ಡಿನ ಮೂಲೆಗೆ ತಿರುಗಿಸಿದರು.

ಸುಲಭವಾಯಿತು ಎಂದುಕೊಂಡರೆ ಅಲ್ಲಿಂದ ಶುರುವಾಯಿತು ನನ್ನ ಪಾಡು. ಎರಡು ವಾರ ನುಡಿಸಿದ್ದೇ ನುಡಿಸಿದ್ದು. ಮುಂಗೈ ಊದಿಕೊಂಡಿತು, ಜೋಗುಳ ಮಾತ್ರ ಮಲಗಲಿಲ್ಲ. ಮೆಲ್ಲಗೆ ಒತ್ತಿದರೆ ಸ್ವರವೇ ಹುಟ್ಟುತ್ತಿರಲಿಲ್ಲ, ಹೆದರಿ ಸ್ವಲ್ಪ ಜಾಸ್ತಿ ಒತ್ತಿದರೆ ಮತ್ತೆ ಅದೇ ಕಾಲಿಂಗ್ ಬೆಲ್. ನಡುವೆ ಹನುಮಂತನಗರದಲ್ಲಿ ಒಂದು ಕಾರ್ಯಕ್ರಮಕ್ಕೆ ಅದನ್ನೇ ಹೊತ್ತುಕೊಂಡು ಹೋದೆ. ಏಣಿಯ ಮೇಲೆ ಒಂದು ತುದಿ ಹಿಡಿದ ನಮ್ಮ ಡ್ರಮ್ಮರ್ ಏದುಸಿರು ಬಿಡುತ್ತಾ, "ಗುರು, ಒಳಗೆ ಯಾರನ್ನ ಮಲಗ್ಸಿದೀಯಾ, ಹೇಳ್ಬಿಡು" ಎಂದ. ವೇಗದ ಹಾಡುಗಳಲ್ಲಿ ನನ್ನ ಬೆರಳು ಎಲ್ಲರಿಗಿಂತ ಹಿಂದೆ ಬಿತ್ತು. ಸ್ಟುಡಿಯೊಗೂ ಇಲ್ಲ, ಸ್ಟೇಜಿಗೂ ಇಲ್ಲ ಅನ್ನುವಂತಾಗಿ ಮನೆಗೆ ಬಂದೆ.

ಬೆಳಗ್ಗೆ ನಾನು ಹಾಲು ತರಲು ಹೋದಾಗ ಅಪ್ಪ ಕೀಬೋರ್ಡಿನ ಮುಂದೆ ಕೂರುತ್ತಾರೆಂದು ಅಮ್ಮನಿಂದ ಗೊತ್ತಾಯಿತು. ಒಂದು ದಿನ ಬಾಗಿಲ ಹೊರಗೇ ನಿಂತು ನೋಡಿದೆ. ಸ್ವಿಚ್ ಹಾಕಿರಲಿಲ್ಲ. ಮನೆಯಲ್ಲಿ ಕೇಳುತ್ತಿದ್ದುದು ಕೀಲಿಗಳ ಟಪ್ ಟಪ್ ಒಂದೇ. ಬಲಗೈ ನುಡಿಸುತ್ತಿತ್ತು. ಎಡಗೈ ಗಾಳಿಯಲ್ಲಿ, ಅಲ್ಲಿ ಇಲ್ಲದ ತಿದಿಯನ್ನು ಒತ್ತುತ್ತಿತ್ತು! ನನಗೆ ನಗು ಬಂತು, ಮರುಕ್ಷಣವೇ ಬಾಗಿಲಿನಿಂದ ಹಿಂದೆ ಸರಿದೆ. ಆದರೆ ನಾಲ್ಕೈದು ದಿನ ಕಳೆಯುವಷ್ಟರಲ್ಲಿ ಆ ಎಡಗೈ ತಾನಾಗಿಯೇ ತೊಡೆಯ ಮೇಲೆ ಇಳಿದು ಸುಮ್ಮನಾಗಿತ್ತು.

ಆಗ ನನಗೊಂದು ಕುತೂಹಲ ಹುಟ್ಟಿತು. ಈ ಯಂತ್ರಕ್ಕೆ ಸದ್ದು ಬೇಕಿಲ್ಲ, ಒತ್ತಿದ್ದನ್ನೆಲ್ಲ ಅದು ಕಂಪ್ಯೂಟರಿಗೆ ಹೇಳುತ್ತದೆ ತಾನೆ? ಒಂದು ಬೆಳಗ್ಗೆ ಕೀಬೋರ್ಡಿನ ಸ್ವಿಚ್ ಹಾಕಿ, ಅದರ ತಂತಿಯನ್ನು ಮನೆಯಲ್ಲಿದ್ದ ಕಂಪ್ಯೂಟರಿಗೆ ಸಿಕ್ಕಿಸಿ, ರೆಕಾರ್ಡಿಗೆ ಹಾಕಿ, ಸ್ಪೀಕರ್ ಆರಿಸಿ, ಪರದೆಯ ಮೇಲೆ ಟವೆಲ್ ಹೊದಿಸಿ ಹಾಲು ತರಲು ಹೋದೆ. ಕದ್ದು ಕೇಳುವ ಕೆಲಸ, ಒಪ್ಪಿಕೊಳ್ಳುತ್ತೇನೆ. ವಾಪಸು ಬಂದು, ಅಪ್ಪ ಸ್ನಾನಕ್ಕೆ ಹೋದ ಮೇಲೆ ಹೆಡ್‌ಫೋನ್ ಹಾಕಿಕೊಂಡೆ.

ಅಪ್ಪ ನುಡಿಸಿದ್ದು ಸರಳೆವರಸೆ. ಮಕ್ಕಳಿಗೆ ಮೊದಲ ದಿನ ಹೇಳಿಕೊಡುವ ಸರಿಗಮಪದನಿಸ. ಅರವತ್ತೆಂಟು ವರ್ಷದ, ಐವತ್ತು ವರ್ಷ ಹಾರ್ಮೋನಿಯಂ ನುಡಿಸಿದ ಮನುಷ್ಯ ಮೊದಲ ಪಾಠಕ್ಕೆ ಹಿಂತಿರುಗಿದ್ದರು. ಮೊದಲ ಸುತ್ತು ಎಲ್ಲ ಸ್ವರ ಒಂದೇ ತೂಕ. ಎರಡನೆಯ ಸುತ್ತು ಷಡ್ಜಕ್ಕೆ ಮಾತ್ರ ಭಾರ, ಉಳಿದದ್ದು ಹಗುರ. ಮೂರನೆಯದರಲ್ಲಿ ನಾದ ಹತ್ತುತ್ತಾ ತುಂಬಿಕೊಂಡು, ಇಳಿಯುತ್ತಾ ಬರಿದಾಗುತ್ತಾ ಬಂತು. ಕೊನೆಯ ಸುತ್ತು ಎಷ್ಟು ಮೆಲ್ಲಗಿತ್ತೆಂದರೆ ಹೆಡ್‌ಫೋನನ್ನು ಎರಡೂ ಕೈಯಲ್ಲಿ ಕಿವಿಗೆ ಒತ್ತಿಕೊಂಡೆ. ಅಲ್ಲಿಯೂ ಒಂದು ಸ್ವರವೂ ತಪ್ಪಿಹೋಗಿರಲಿಲ್ಲ. ಎಲ್ಲವೂ ಇತ್ತು, ಉಸಿರಿನಷ್ಟು ಇತ್ತು. ನಾನು ಅಳುತ್ತಿದ್ದೆ, ಅದನ್ನು ಮುಚ್ಚಿಡುವುದೇನು.

ನನ್ನನ್ನು ಅಲುಗಾಡಿಸಿದ್ದು ಬರಿಯ ಆ ಮೆದುತನವಲ್ಲ. ಅದು ನನಗೆ ಗೊತ್ತಿದ್ದ ಕೈ. ನಾನು ಚಿಕ್ಕವನಿದ್ದಾಗ ಅಜ್ಜಿ ತೀರಿಕೊಂಡರು. ಸೂತಕದಲ್ಲಿ ವಾದ್ಯ ನುಡಿಸುವಂತಿಲ್ಲ. ರಾಮನವಮಿ ಪೆಂಡಾಲಿನಲ್ಲಿ ನಾನು ಮೊದಲ ಸಲ ನುಡಿಸುವುದಿತ್ತು, ಅದಕ್ಕೆ ಉಳಿದದ್ದು ಕೆಲವೇ ದಿನ. ಅಪ್ಪ ಹಾರ್ಮೋನಿಯಂ ತೆಗೆಯಲಿಲ್ಲ. ನನ್ನ ಮುಂಗೈಯನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡು, ಅದರ ಮೇಲೆ ನುಡಿಸಿ ತೋರಿಸಿ ಹಾಡು ಕಲಿಸಿದರು. ಅವತ್ತೇ ಅವರ ಬೆರಳು ಕೆಲವು ಕಡೆ ಒತ್ತುತ್ತಿತ್ತು, ಕೆಲವು ಕಡೆ ಸವರುತ್ತಿತ್ತು. ಹಾರ್ಮೋನಿಯಂಗೆ ಅದು ಬೇಕಿರಲಿಲ್ಲ. ಆ ವಾದ್ಯ ಐವತ್ತು ವರ್ಷ ಅವರ ಬೆರಳಿನ ಮಾತನ್ನು ಕೇಳಿಸಿಕೊಂಡೇ ಇರಲಿಲ್ಲ. ಅದನ್ನು ಕೇಳುವ ಯಂತ್ರ ಮನೆಗೆ ಬರುವ ಹೊತ್ತಿಗೆ ಅವರಿಗೇ ಕಿವಿ ಇರಲಿಲ್ಲ.

ಸ್ನಾನ ಮುಗಿಸಿ ಬಂದವರ ಕಿವಿಗೆ ಹೋಗಿ ಕೂಗಿದೆ, "ನೀವು ನುಡಿಸಿದ್ದು ಕೇಳ್ದೆ! ಅಷ್ಟು ಮೆಲ್ಲಗೆ ಹೇಗಪ್ಪಾ?"

ಕದ್ದು ಕೇಳಿದ್ದಕ್ಕೆ ಅವರು ಸಿಟ್ಟಾಗಲಿಲ್ಲ. ತಲೆ ಒರೆಸಿಕೊಳ್ಳುತ್ತಾ ಹೇಳಿದರು. "ನೀನು ಕಿವೀಲಿ ನುಡಿಸ್ತಿದೀಯ. ಸದ್ದು ಬಂದ್ಮೇಲೆ ಜೋರಾಯ್ತು, ಕಮ್ಮಿಯಾಯ್ತು ಅಂತ ಕೇಳ್ಕೊಂಡು ಏನ್ ಮಾಡ್ತೀಯ? ಅಷ್ಟೊತ್ತಿಗೆ ಸುತ್ತಿಗೆ ಬಿದ್ದೋಗಿರುತ್ತೆ. ಏಳೋವಾಗ್ಲೇ ತೂಗ್ಬೇಕು. ಎಲ್ಲಿ, ಕೈ ಕೊಡು."

ಉಳಿದ ದಿನಗಳಲ್ಲಿ ಅವರು ನನಗೆ ಜೋಗುಳ ಕಲಿಸಿದ್ದು ನನ್ನ ಮುಂಗೈಯ ಮೇಲೆ. ನಾನು ಹಾಡನ್ನು ಬರೆದುಕೊಡುತ್ತಿದ್ದೆ, ಅವರು ಅದನ್ನು ನನ್ನ ತೊಗಲಿನ ಮೇಲೆ ತೂಗಿ ತೋರಿಸುತ್ತಿದ್ದರು. ಆಮೇಲೆ ನಾನು ಅವರ ಕೈಯ ಮೇಲೆ ನುಡಿಸಿ ಒಪ್ಪಿಸಬೇಕು. "ಇಲ್ಲಿ ಭಾರ." "ಇಲ್ಲಿ ಹೆದ್ರಿದೆ." "ಹ್ಞೂಂ, ಈಗ ಪರವಾಗಿಲ್ಲ."

ತಿಂಗಳು ತುಂಬಿದ ದಿನ ಡ್ರಮ್ಮರನ ಜೊತೆ ಆ ಹೊರೆಯನ್ನು ಮಲ್ಲೇಶ್ವರದ ಕಿರಿದಾದ ಮೆಟ್ಟಿಲಲ್ಲಿ ಮೇಲೇರಿಸಿದೆ. ಮೊದಲ ಸಲ ಕೆಟ್ಟಿತು. ಎರಡನೆಯದೂ ಕೆಟ್ಟಿತು. ಹೆಡ್‌ಫೋನಿನಲ್ಲಿ ನನ್ನ ಪಿಯಾನೊ ಕೇಳುತ್ತಿದ್ದಂತೆ ಬೆರಳು ಹಳೆಯ ಭಯಕ್ಕೆ ಬೀಳುತ್ತಿತ್ತು. ಗಾಜಿನಾಚೆ ನಿರ್ದೇಶಕಿ ಗಡಿಯಾರ ನೋಡಿದರು. ನಾನು ರೆಕಾರ್ಡಿಂಗ್ ಮಾಡುತ್ತಿದ್ದ ಎಂಜಿನಿಯರಿಗೆ ಹೇಳಿದೆ, "ಹೆಡ್‌ಫೋನಲ್ಲಿ ನನ್ನ ಪಿಯಾನೊ ಪೂರ್ತಿ ತೆಗೆದ್ಬಿಡಿ. ತಂಬೂರಿ, ಹಾಡೋರ ದನಿ, ಅಷ್ಟೇ ಇರ್ಲಿ."

"ಸರ್, ನೀವು ನುಡಿಸ್ತಿರೋದು ನಿಮಗೇ ಕೇಳ್ಸಲ್ವಲ್ಲ!"

"ಕೇಳ್ಸೋದು ಬೇಡ."

ಕಣ್ಣು ಮುಚ್ಚಿದೆ. ಕಿವಿಯಲ್ಲಿ ತಂಬೂರಿ, ಗಾಯಕಿಯ ದನಿ. ಬೆರಳಡಿಯಲ್ಲಿ ಎಂಬತ್ತೆಂಟು ಸುತ್ತಿಗೆ ಸದ್ದಿಲ್ಲದೆ ಏಳುತ್ತಿದ್ದವು, ಬೀಳುತ್ತಿದ್ದವು. ಒಂದೊಂದನ್ನೂ ಏಳುವಾಗಲೇ ತೂಗಿದೆ. ಮುಗಿದಾಗ ಹೇಗೆ ಬಂತೆಂದು ಆ ಕೋಣೆಯಲ್ಲಿ ಗೊತ್ತಿಲ್ಲದವನು ನಾನೊಬ್ಬನೇ. ಗಾಜಿನಾಚೆ ನಿರ್ದೇಶಕಿ ಮುಂದಕ್ಕೆ ಬಾಗಿದರು. ಆಮೇಲೆ ಮೈಕಿನಲ್ಲಿ ಅವರ ದನಿ ಬಂತು. "ಇದೇ ಇರ್ಲಿ. ಎಲ್ಲರಿಗೂ ಕಾಫಿ ತರಿಸಿ. ಉಳಿದ ಹಾಡುಗಳಿಗೂ ನೀವೇ ಬನ್ನಿ."

ಮನೆಗೆ ಬಂದಾಗ ಅಪ್ಪ ಹೊರಗೆ ಕುರ್ಚಿ ಹಾಕಿಕೊಂಡು ಕಾಯುತ್ತಿದ್ದರು. ಏನಾಯಿತು ಎಂದು ಹುಬ್ಬು ಹಾರಿಸಿದರು. ಕೂಗಿ ಹೇಳಬಹುದಿತ್ತು. ಆದರೆ ಆ ಜೋಗುಳವನ್ನು ಕೂಗಿ ಹೇಗೆ ಹೇಳುವುದು? ಪಕ್ಕದಲ್ಲಿ ಕೂತು, ಅವರ ಮುಂಗೈಯನ್ನು ನನ್ನ ತೊಡೆಯ ಮೇಲಿಟ್ಟುಕೊಂಡು, ಅಲ್ಲಿ ನುಡಿಸಿದ್ದನ್ನು ಇದ್ದದ್ದು ಇದ್ದಂತೆ ಮೊದಲಿಂದ ಕೊನೆಯವರೆಗೆ ನುಡಿಸಿದೆ. ಅವರು ಕಣ್ಣು ಮುಚ್ಚಿಕೊಂಡಿದ್ದರು. ಮುಗಿದ ಮೇಲೂ ಕೈ ತೆಗೆದುಕೊಳ್ಳಲಿಲ್ಲ.

"ಚೆನ್ನಾಗಿ ಬಂದಿದೆ ಕಣೋ" ಎಂದರು. "ಎರಡನೇ ಚರಣದ ಕೊನೇಲಿ ಒಂದು ಗಾಂಧಾರ ಭಾರ ಆಯ್ತು."

ಉಳಿದ ಹಾಡುಗಳೂ ಮುಗಿದು, ತಿಂಗಳುಗಳ ಮೇಲೆ ಸಿ.ಡಿ. ಕೈಗೆ ಬಂದಾಗ ಮೊದಲು ಅದನ್ನೇ ಹುಡುಕಿದೆ. ಎರಡನೆಯ ಚರಣದ ಕೊನೆಯಲ್ಲಿ ಒಂದು ಗಾಂಧಾರ ಒಂದು ಕೂದಲೆಳೆಯಷ್ಟು ಭಾರವಾಗಿದೆ. ಇಷ್ಟು ವರ್ಷದಲ್ಲಿ ಆ ಹಾಡನ್ನು ಎಷ್ಟೋ ಜನ ಕೇಳಿದ್ದಾರೆ, ಬೇರೆ ಯಾರೂ ಅದನ್ನು ಕಂಡುಹಿಡಿದಿಲ್ಲ.